ಟೆಂಡರ್ ಕರೆಯುವ ಮೊದಲೇ ನೋಡಬೇಕಾದದ್ದು

ಮಾನ್ಯ ಸಂಪಾದಕರೇ,

ಸರ್ಕಾರಿ ಖರೀದಿ, ಕಾಮಗಾರಿಗಳ ಟೆಂಡರಿಗೆ ನಿಯಮ ಹೇಳುವ ರಾಜ್ಯದ ಕೆಟಿಪಿಪಿ ಕಾಯ್ದೆಗೆ ತಿದ್ದುಪಡಿ ಎಂದರೆ ಈಚೆಗೆ ಗುತ್ತಿಗೆಯಲ್ಲಿ ಮೀಸಲಾತಿಯ ಮಾತೇ. 2025ರ ಮಾರ್ಚ್‌ನಲ್ಲಿ ಸದನ ಒಪ್ಪಿದ ಮಸೂದೆಯ ಗದ್ದಲವೆಲ್ಲ 2 ಕೋಟಿ ರೂಪಾಯಿವರೆಗಿನ ಕಾಮಗಾರಿಗಳ ಸುತ್ತ ನಡೆಯಿತು. ಅದು ಅದರ ಪಾಡಿಗಿರಲಿ. ನೂರು, ಇನ್ನೂರು ಕೋಟಿಯ ರಸ್ತೆ, ಏತ ನೀರಾವರಿ ಪ್ಯಾಕೇಜುಗಳಲ್ಲಿ ಯಾರು ಕಣಕ್ಕಿಳಿಯಬಹುದು ಎಂಬುದು ಪ್ರಕಟಣೆಗೂ ಮುನ್ನ, ಅರ್ಹತಾ ಷರತ್ತು ಬರೆಯುವಾಗಲೇ ತೀರ್ಮಾನವಾಗುತ್ತದೆ. ಕಾಯ್ದೆಯ ಕಣ್ಣು ಬೀಳಬೇಕಾದದ್ದು ಅಲ್ಲಿ.

ಟೆಂಡರ್ ಸಾಮರ್ಥ್ಯದ, ಅಂದರೆ ಗುತ್ತಿಗೆದಾರ ಎಷ್ಟು ಮೊತ್ತದ ಕೆಲಸ ಹಿಡಿಯಬಲ್ಲ ಎಂಬ ಲೆಕ್ಕವನ್ನೇ ನೋಡಿ. ಸೂತ್ರ ಗುತ್ತಿಗೆದಾರರಿಗೆಲ್ಲ ಗೊತ್ತಿರುವುದೇ: ಎ × ಎನ್ × 1.5, ಅದರಲ್ಲಿ ಬಿ ಕಳೆಯಬೇಕು. ಎ ಎಂದರೆ ಕಳೆದ ಐದು ವರ್ಷಗಳ ಪೈಕಿ ಒಂದು ವರ್ಷದಲ್ಲಿ ಮಾಡಿದ ಅತಿ ಹೆಚ್ಚಿನ ಕೆಲಸದ ಮೌಲ್ಯ, ಎನ್ ಎಂದರೆ ಕಾಮಗಾರಿ ಮುಗಿಸಬೇಕಾದ ವರ್ಷಗಳು, ಬಿ ಎಂದರೆ ಕೈಯಲ್ಲಿರುವ ಬಾಕಿ ಕೆಲಸ. 120 ಕೋಟಿಯ ರಸ್ತೆ, ಅವಧಿ 24 ತಿಂಗಳು ಎನ್ನಿ. ವರ್ಷಕ್ಕೆ 40 ಕೋಟಿ ಮಾಡಿ ತೋರಿಸಿದ, 45 ಕೋಟಿಯ ಬಾಕಿ ಇರುವ ಗುತ್ತಿಗೆದಾರನ ಸಾಮರ್ಥ್ಯ 75 ಕೋಟಿ, ಅವನು ಹೊರಗೆ. ಅದೇ ದಾಖಲೆಯಲ್ಲಿ ಅವಧಿ 36 ತಿಂಗಳು, 1.5ರ ಬದಲು ಗುಣಕ 2 ಎಂದು ತಿದ್ದಿದರೆ 195 ಕೋಟಿ, ಅವನು ಒಳಗೆ. ರಸ್ತೆ ಅದೇ, ಗುತ್ತಿಗೆದಾರನೂ ಅವನೇ. ಇನ್ನು ಬಿ ಅಂಕಣಕ್ಕೆ ಗುತ್ತಿಗೆದಾರ ಕೊಡುವ ಪಟ್ಟಿಯೇ ಆಧಾರ. ಬೇರೆ ಇಲಾಖೆ, ಬೇರೆ ರಾಜ್ಯದ ಕೆಲಸ ಅದರಲ್ಲಿ ಬಿಟ್ಟುಹೋದರೆ ಹಿಡಿಯುವುದು ಕಷ್ಟ. ಕನಿಷ್ಠ ರಾಜ್ಯದ ಟೆಂಡರ್ ಜಾಲತಾಣವಾದ ಕೆಪಿಪಿಪಿ ಪೋರ್ಟಲ್‌ನಲ್ಲಿರುವ ಕಾರ್ಯಾದೇಶಗಳನ್ನಾದರೂ ಗಣಕವೇ ಕೂಡಿಸಿ ಬಿ ಅಂಕಣ ತುಂಬಬಾರದೇಕೆ?

ಎರಡನೆಯದು ಹಾಟ್ ಮಿಕ್ಸ್ ಪ್ಲಾಂಟ್, ಅಂದರೆ ಜಲ್ಲಿ–ಡಾಂಬರನ್ನು ಬಿಸಿಯಾಗಿ ಬೆರೆಸುವ ಘಟಕ. ಕೆಲಸದ ಸ್ಥಳದಿಂದ ಇಂತಿಷ್ಟು ಕಿ.ಮೀ. ಒಳಗೆ ಪ್ಲಾಂಟ್ ಇರಬೇಕೆಂಬ ಷರತ್ತು ತಪ್ಪಲ್ಲ. ವಿಜಿ-30 ದರ್ಜೆಯ ಡಾಂಬರಿನ ಮಿಶ್ರಣ 150 ಡಿಗ್ರಿಗೂ ಮೇಲೆ ಪ್ಲಾಂಟ್ ಬಿಡುತ್ತದೆ, ಹಾಸುವಾಗ 140ಕ್ಕಿಂತ ಕೆಳಗಿಳಿಯಬಾರದು. ಲಾರಿ ಬಹುದೂರ ಓಡಿದರೆ ರೋಲರ್ ಎಷ್ಟು ಉರುಳಿದರೂ ಸಾಂದ್ರತೆ ಬರುವುದಿಲ್ಲ. ಚೇಷ್ಟೆ ಇರುವುದು ಆ ಪ್ಲಾಂಟ್ ಟೆಂಡರ್ ಹಾಕುವ ದಿನವೇ ಇರಬೇಕು ಎನ್ನುವುದರಲ್ಲಿ. ಆಗ ತಾಲ್ಲೂಕಿನಲ್ಲಿ ಪ್ಲಾಂಟ್ ಹೊಂದಿರುವ ಒಬ್ಬಿಬ್ಬರಿಗೇ ದಾರಿ. ಉಳಿದವರು ಪ್ಲಾಂಟ್ ಬಳಸಿಕೊಳ್ಳುವ ಒಪ್ಪಿಗೆ ಪತ್ರಕ್ಕೆ ಅವರ ಮುಂದೆಯೇ ಕೈಚಾಚಬೇಕು. ಕಾರ್ಯಾದೇಶವಾದ ಇಂತಿಷ್ಟು ದಿನದೊಳಗೆ ಪ್ಲಾಂಟ್ ನಿಲ್ಲಿಸಬೇಕು, ತಪ್ಪಿದರೆ ದಂಡ ಎಂದು ಬರೆದರೆ ಗುಣಮಟ್ಟವೂ ಉಳಿಯುತ್ತದೆ, ಪೈಪೋಟಿಯೂ ಉಳಿಯುತ್ತದೆ.

ಇದರ ಮೇಲೆ ಅಲ್ಪಾವಧಿ ಟೆಂಡರ್. 2000ರ ಮೂಲ ನಿಯಮಗಳು 2 ಕೋಟಿ ಮೀರಿದ ಕೆಲಸಕ್ಕೆ ಟೆಂಡರ್ ಸಲ್ಲಿಸಲು 60 ದಿನ ಇಟ್ಟದ್ದು ಸುಮ್ಮನೆ ಅಲ್ಲ. ಕಲ್ಲು ಕ್ವಾರಿಯ ಲೀಡ್ (ಸಾಗಣೆ ದೂರ) ಅಳೆಯಬೇಕು, ಮಣ್ಣು ನೋಡಬೇಕು, ಪೈಪು–ಪಂಪಿನ ದರಪಟ್ಟಿ ತರಿಸಬೇಕು, ಇಎಂಡಿಗೆ (ಟೆಂಡರ್ ಜೊತೆ ಇಡುವ ಠೇವಣಿಗೆ) ಬ್ಯಾಂಕ್ ಗ್ಯಾರಂಟಿ ಮಾಡಿಸಬೇಕು. ವಾರದ ಟೆಂಡರಿಗೆ ಸರಿಯಾದ ದರ ತುಂಬಬಲ್ಲವನು ಅಂದಾಜುಪಟ್ಟಿಯನ್ನು ಮೊದಲೇ ನೋಡಿದವನು ಮಾತ್ರ. ಅವಧಿ ಮೊಟಕುಗೊಳಿಸಲು ಮೇಲಧಿಕಾರಿ ಕಾರಣ ದಾಖಲಿಸಬೇಕೆಂದು ನಿಯಮವೇನೋ ಇದೆ. ಆ ಕಾರಣ ಕಡತದಲ್ಲೇ ಉಳಿಯುತ್ತದೆ. ಪ್ರಕಟಣೆಯ ಜೊತೆಗೇ ಅದನ್ನೂ ಪೋರ್ಟಲ್‌ಗೆ ಹಾಕಲಿ.

ಷರತ್ತಿನಿಂದಲೇ ಹೊರಬಿದ್ದವನು ಎಲ್ಲಿಗೆ ಹೋಗಬೇಕು? ಕೆಟಿಪಿಪಿ ಕಾಯ್ದೆಯ ಕಲಂ 16ರ ಮೇಲ್ಮನವಿ ಕಲಂ 13ರ ಆದೇಶದ ವಿರುದ್ಧ, ಅಂದರೆ ಟೆಂಡರ್ ಅಂಗೀಕಾರವಾದ ಮೇಲೆ. ಉಳಿದದ್ದು ನ್ಯಾಯಾಲಯ. ಮೂಲಸೌಕರ್ಯ ಯೋಜನೆ ತಡವಾಗುವಂಥ ತಡೆಯಾಜ್ಞೆಯನ್ನು ದಾವೆಗಳಲ್ಲಿ ಕೊಡಬಾರದೆಂದು 2018ರಲ್ಲಿ ಸ್ಪೆಸಿಫಿಕ್ ರಿಲೀಫ್ ಕಾಯ್ದೆ ತಿದ್ದುಪಡಿಯಾದ ಮೇಲೆ ಆ ಬಾಗಿಲೂ ಕಿರಿದಾಗಿದೆ.

ಕಾಮಗಾರಿಗಳಲ್ಲಿ 40 ಪರ್ಸೆಂಟ್ ಕಮಿಷನ್ ಎಂಬ ಆರೋಪದ ಕಾವಿನಲ್ಲಿ ಹಿಂದಿನ ಸರ್ಕಾರ 50 ಕೋಟಿ ಮೀರಿದ ಟೆಂಡರುಗಳ ಪೂರ್ವಪರಿಶೀಲನೆಗೆ ನಿವೃತ್ತ ಹೈಕೋರ್ಟ್ ನ್ಯಾಯಮೂರ್ತಿಯ ನೇತೃತ್ವದಲ್ಲಿ ಸಮಿತಿ ಮಾಡಿತ್ತು. ದಿಕ್ಕು ಸರಿಯೇ. ಆದರೆ ಒಂದು ಸರ್ಕಾರಿ ಆದೇಶವನ್ನು ಇನ್ನೊಂದು ಆದೇಶ ತೆಗೆದುಹಾಕಬಹುದು. ಆಂಧ್ರಪ್ರದೇಶ 2019ರಲ್ಲಿ ಇದನ್ನೇ ಕಾಯ್ದೆ ಮಾಡಿ, 100 ಕೋಟಿ ಮೀರಿದ ಕಾಮಗಾರಿಯ ಕರಡನ್ನು ಒಂದು ವಾರ ಜನರ ಮುಂದಿಟ್ಟು, ನ್ಯಾಯಮೂರ್ತಿ ಒಟ್ಟು 15 ದಿನದಲ್ಲಿ ಪರಿಶೀಲನೆ ಮುಗಿಸಬೇಕೆಂದಿತು. 2024ರಲ್ಲಿ ಅಲ್ಲಿಯ ಹೊಸ ಸರ್ಕಾರ ಅದನ್ನು ರದ್ದು ಮಾಡಿತು, ನಿಜ. ರದ್ದು ಮಾಡಲಾದರೂ ಸದನಕ್ಕೆ ಬರಬೇಕಾಯಿತು.

ನಮ್ಮಲ್ಲಿ ಬೇಕಾದದ್ದು ದೊಡ್ಡ ಹೊಸ ಕಾಯ್ದೆಯೇನಲ್ಲ. 50 ಕೋಟಿ ಮೀರಿದ ಪ್ರತಿ ಕಾಮಗಾರಿಯ ಕರಡು ಟೆಂಡರ್ ದಾಖಲೆ, ಅಂದಾಜುಪಟ್ಟಿ 15 ದಿನ ಪೋರ್ಟಲ್‌ನಲ್ಲಿರಲಿ. ಬಂದ ಆಕ್ಷೇಪಗಳಿಗೆ ಲಿಖಿತ ಉತ್ತರ ಅಲ್ಲೇ ಸಿಗಲಿ. ಷರತ್ತಿನ ವಿರುದ್ಧವೂ ಕಲಂ 16ರಡಿ ಮೇಲ್ಮನವಿಗೆ ಅವಕಾಶವಿರಲಿ. ಕೆಲಸ ತಡವಾಗುತ್ತದೆ ಎನ್ನುವವರು ಭೂಸ್ವಾಧೀನಕ್ಕೆ, ವಿದ್ಯುತ್ ಕಂಬ ಸರಿಸುವುದಕ್ಕೆ ಎಷ್ಟು ತಿಂಗಳು ಹೋಗುತ್ತದೆಂದು ತಮ್ಮದೇ ಕಡತ ತೆಗೆದು ನೋಡಲಿ. ಟೆಂಡರ್ ಕರೆಯದೆ ಕೆಲಸ ಕೊಡಲು ಸರ್ಕಾರ ನೀಡುವ ಕಲಂ 4(ಜಿ) ವಿನಾಯಿತಿಗಳಿಗೂ ಇದೇ ಅನ್ವಯಿಸಬೇಕು: ಯಾವ ಕಾಮಗಾರಿ, ಎಷ್ಟು ಮೊತ್ತ, ಟೆಂಡರ್ ಇಲ್ಲದೆ ಏಕೆ ಎಂಬ ಮೂರೂ ವಿವರ, ಟೆಂಡರ್ ಪ್ರಕಟಣೆಗಳಿರುವ ಅದೇ ಪುಟದಲ್ಲಿ.

— ನಿವೃತ್ತ ಲೋಕೋಪಯೋಗಿ ಎಂಜಿನಿಯರ್, ದಾವಣಗೆರೆ