ಹಳೆಯ ಫೋನ್ ಬಿಲ್ಲಿನ ವಿಚಾರವಾಗಿ ಶ್ರೀನಿಧಿಗೆ

ಬದಿಯಡ್ಕ

ಚಿರಂಜೀವಿ ಶ್ರೀನಿಧಿಗೆ ನಿನ್ನ ಮಾವನ ಆಶೀರ್ವಾದಗಳು.

ನೀನು ಕಳುಹಿಸಿದ ನೋಟಿಸಿನ ಚಿತ್ರವನ್ನು ದೊಡ್ಡದು ಮಾಡಿಕೊಂಡು ಪೂರ್ತಿ ಓದಿದೆ. 2015ರ ಪೋಸ್ಟ್‌ಪೇಯ್ಡ್ ಬಾಕಿ ಎಂದು ಫೋನ್ ಕಂಪೆನಿಯ ಪರವಾಗಿ ವಸೂಲಿ ಮಾಡುವವರು ಐದು ಸಾವಿರದಷ್ಟು ರೂಪಾಯಿ ಕೇಳಿದ್ದಾರೆ. ಕೂಡಲೇ ಕಟ್ಟದಿದ್ದರೆ ಪೊಲೀಸರು ಉಪ್ಪಳದ ಮನೆಗೇ ಬರುತ್ತಾರೆ ಎಂದು ಫೋನಿನಲ್ಲಿ ಬೆದರಿಸಿದ್ದಾರೆ. ಅಕ್ಕ ಗಾಬರಿಯಾಗಿ, ಕೊಟ್ಟು ಕೈತೊಳೆದುಕೊಳ್ಳಲಿ ಎನ್ನುತ್ತಾಳೆ. ನಾನು ಹೇಳುವುದು ಬೇರೆ: ಲೆಕ್ಕ ಕಾಗದದಲ್ಲಿ ಕೈಗೆ ಬರುವವರೆಗೆ ಒಂದು ರೂಪಾಯಿಯನ್ನೂ ಕೊಡಬೇಡ, ಕೊಡುತ್ತೇನೆಂದು ವಾಟ್ಸ್ಯಾಪಿನಲ್ಲಿಯೂ ಬರೆಯಬೇಡ.

ಫೋನ್ ಬಿಲ್ ಬಾಕಿಯಿರುವುದು ಸಿವಿಲ್ ವ್ಯವಹಾರ. ಅಷ್ಟಕ್ಕೇ ಯಾರನ್ನೂ ಪೊಲೀಸರು ಹಿಡಿದೊಯ್ಯುವುದಿಲ್ಲ. ಹಣ ಬೇಕಾದವರು ದಾವೆ ಹೂಡಬೇಕು, ಮತ್ತು 1963ರ ಲಿಮಿಟೇಶನ್ ಕಾಯ್ದೆಯ ಪ್ರಕಾರ ಇಂಥ ಬಾಕಿಗೆ ಇರುವ ಅವಧಿ ಮೂರು ವರ್ಷ. ನಡುವೆ ನೀನು ಏನನ್ನೂ ಬರೆದುಕೊಡದೆ, ಏನನ್ನೂ ಕಟ್ಟದೆ ಇದ್ದಿದ್ದರೆ ಅದು 2018ರಲ್ಲೇ ಮುಗಿದಿದೆ. ಅವಧಿ ಮುಗಿದರೆ ಸಾಲವೇ ಅಳಿಯಿತೆಂದಲ್ಲ, ಕೋರ್ಟಿನ ಬಾಗಿಲು ಮುಚ್ಚಿತು ಎಂದಷ್ಟೇ ಅರ್ಥ. ಅದನ್ನು ನಾವಾಗಿ ತೆರೆದುಕೊಡಬಾರದು. ಅವಧಿ ಮೀರಿದ ಸಾಲವನ್ನು ತೀರಿಸುತ್ತೇನೆಂದು ಬರೆದು ಸಹಿ ಹಾಕಿಕೊಟ್ಟರೆ 1872ರ ಕರಾರು ಕಾಯ್ದೆಯ 25ನೆಯ ಸೆಕ್ಷನ್ನಿನಂತೆ ಅದು ಹೊಸ ಕರಾರಾಗಿ ನಿಲ್ಲುತ್ತದೆ. ಈಗ ಐನೂರು ಕಟ್ಟಿ, ಉಳಿದದ್ದಕ್ಕೆ ಈ ಫಾರ್ಮಿಗೆ ಸಹಿ ಮಾಡಿ ಎಂದು ಮೃದುವಾಗಿ ಹೇಳುವವರ ವಿಷಯದಲ್ಲಿ ಹೆಚ್ಚು ಜಾಗ್ರತೆ ಬೇಕು.

ಇನ್ನು ಆ ನೋಟಿಸು. ವಕೀಲರ ಕಚೇರಿಯಲ್ಲಿ ಗುಮಾಸ್ತನಾಗಿ ನೋಟಿಸುಗಳನ್ನು ಓದುತ್ತಲೇ ಕಾಲ ಕಳೆದವನು ನಾನು. ಇದರ ತಲೆಯಲ್ಲಿ ಕೆಂಪಕ್ಷರದ ‘ಲೀಗಲ್ ನೋಟಿಸ್’ ಇದೆ, ಆದರೆ ಬಿಲ್ಲಿನ ಸಂಖ್ಯೆಯಿಲ್ಲ, ಯಾವ ತಿಂಗಳಿನದೆಂದಿಲ್ಲ, ವಕೀಲರ ನೋಂದಣಿ ಸಂಖ್ಯೆಯಿಲ್ಲ. ಕೆಳಗಿನ ಕ್ಯೂಆರ್ ಕೋಡಿನಲ್ಲಿ ಕಂಪೆನಿಯ ಹೆಸರಿನ ಬದಲು ಯಾರೋ ಒಬ್ಬ ವ್ಯಕ್ತಿಯ ಹೆಸರಿದೆ. ಅದೊಂದೇ ಸಾಕು ಹಣ ಕಳುಹಿಸದಿರಲು.

ಬಿಲ್ಲಿನ ಪ್ರತಿ ತರಿಸಿಕೊಂಡಾಗ ಒಟ್ಟು ಮೊತ್ತವನ್ನಷ್ಟೇ ನೋಡಬೇಡ. ಆಗ ನೀನು ಮಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಅಲ್ಲಿಯದೇ ಸಿಮ್ ಇಟ್ಟುಕೊಂಡಿದ್ದೆ. ಸಂಜೆಯ ಬಸ್ಸು ಕೇರಳದ ಗಡಿಯ ತಲಪಾಡಿ ದಾಟಿತೆಂದರೆ ಕರ್ನಾಟಕದ ಸಿಮ್ಮಿಗೆ ರೋಮಿಂಗ್ ಶುರುವಾಗುತ್ತಿತ್ತು. ಸ್ವಂತ ಮನೆಯ ಜಗಲಿಯಲ್ಲಿ ಕುಳಿತು ಮಾತಾಡಿದ್ದಕ್ಕೂ ಪರರಾಜ್ಯಕ್ಕೆ ಹೋದವರ ದರವನ್ನು ಗಡಿನಾಡಿನವರು ಕೊಡಬೇಕಾಗಿದ್ದ ಆ ಅನ್ಯಾಯ ಇಂದಿಗೂ ನನಗೆ ನೋವಿನ ವಿಷಯ. ಆದ್ದರಿಂದ ರೋಮಿಂಗಿನ ಸಾಲುಗಳನ್ನು ಒಂದೊಂದಾಗಿ ಓದು. ಸಂಪರ್ಕ ರದ್ದುಮಾಡಿದ ಮೇಲೂ ತಿಂಗಳ ಬಾಡಿಗೆ ಹಾಕಿದ್ದಾರೆಯೇ, ನೀನಿಟ್ಟ ಡೆಪಾಸಿಟನ್ನು ಬಾಕಿಯಿಂದ ಕಳೆದಿದ್ದಾರೆಯೇ ಎಂದು ನೋಡು.

ಕಂಪೆನಿಗೂ ವಸೂಲಿಯವರಿಗೂ ಒಂದೇ ಒಕ್ಕಣೆಯ ಪತ್ರ ಹೋಗಲಿ. ಈ ಬಾಕಿಯನ್ನು ನಾನು ಒಪ್ಪುವುದಿಲ್ಲ, ವಿವರವಾದ ಬಿಲ್ಲು, ನಾನು ಸಹಿ ಮಾಡಿದ ಅರ್ಜಿಯ ಪ್ರತಿ, ವಸೂಲಿಗೆ ನಿಮ್ಮನ್ನು ನೇಮಿಸಿದ ಅಧಿಕಾರಪತ್ರ ಇವಿಷ್ಟನ್ನು ಕಳುಹಿಸಿರಿ ಎಂದರೆ ಸಾಕು. ಕೋಪದ ಒಂದು ಪದವೂ ಬೇಡ. 2025ರಲ್ಲಿ ರಿಜಿಸ್ಟರ್ಡ್ ಅಂಚೆ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಗಿರುವುದರಿಂದ ಅದರಲ್ಲೇ ಕಳುಹಿಸಿ ರಸೀದಿಯನ್ನು ಜೋಪಾನವಾಗಿಡು. ಜೊತೆಗೆ ಕಂಪೆನಿಯ ದೂರು ಕೇಂದ್ರಕ್ಕೂ ಹೇಳಿ ಅವರು ಕೊಡುವ ದೂರಿನ ಸಂಖ್ಯೆ (ಡಾಕೆಟ್ ಸಂಖ್ಯೆ) ಬರೆದುಕೋ. ಅಲ್ಲಿ ನ್ಯಾಯ ಸಿಗದಿದ್ದರೆ ಅದೇ ಕಂಪೆನಿಯ ಮೇಲ್ಮನವಿ ಪ್ರಾಧಿಕಾರವಿದೆ. ಕಂಪೆನಿಯ ಕಚೇರಿ ಬೆಂಗಳೂರಿನಲ್ಲಿದೆಯಲ್ಲ ಎಂದು ಅಂಜಬೇಡ. 2019ರ ಗ್ರಾಹಕ ಕಾಯ್ದೆಯಂತೆ ನೀನು ವಾಸವಿರುವ ಕಾಸರಗೋಡು ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, ಫೋನ್ ಕಂಪೆನಿಗಳ ಮೇಲಿನ ದೂರನ್ನು ಗ್ರಾಹಕ ಆಯೋಗಗಳು ವಿಚಾರಿಸಬಹುದೆಂದು ಸುಪ್ರೀಂ ಕೋರ್ಟು 2022ರಲ್ಲಿ ಸ್ಪಷ್ಟಪಡಿಸಿದೆ. ಮೊದಲು ಸಲಹೆ ಬೇಕಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡು.

ಸಾಲ ಕೊಡುವ ಮುನ್ನ ಬ್ಯಾಂಕುಗಳು ನೋಡುವ, ವರ್ಷಕ್ಕೊಮ್ಮೆ ಉಚಿತವಾಗಿ ಸಿಗುವ ಕ್ರೆಡಿಟ್ ವರದಿಯನ್ನೂ ತೆಗೆಸು. ಈ ಬಾಕಿ ಅದರಲ್ಲಿ ತಪ್ಪಾಗಿ ಸೇರಿದ್ದರೆ ಅಲ್ಲಿಯೂ ತಕರಾರು ಸಲ್ಲಿಸಬೇಕು, ಏಕೆಂದರೆ ನೀನು ಮನೆಸಾಲಕ್ಕೆ ಓಡಾಡುತ್ತಿರುವ ಸಮಯವಿದು.

ಎಲ್ಲ ಪರಿಶೀಲಿಸಿದ ಮೇಲೆ ನಿಜವಾಗಿ ಒಂದಷ್ಟು ಕೊಡಬೇಕಿದೆಯೆಂದು ನಿನ್ನ ಮನಸ್ಸಿಗೇ ಖಚಿತವಾದರೆ, ಅವಧಿ ಮೀರಿತೆಂದು ಅದನ್ನು ಉಳಿಸಿಕೊಳ್ಳಬೇಡ. ಅಷ್ಟನ್ನು ನೇರವಾಗಿ ಕಂಪೆನಿಗೇ ಒಂದೇ ಕಂತಿನಲ್ಲಿ ಕಟ್ಟಿ, ಇನ್ನೇನೂ ಬಾಕಿಯಿಲ್ಲವೆಂಬ ಪತ್ರ ಪಡೆದುಕೋ. ನಡುವಿನವರ ಕೈಗೆ ಮಾತ್ರ ಕೊಡಬೇಡ.

ಅವರು ಮತ್ತೆ ಕರೆ ಮಾಡಿದರೆ ಹೆಸರು, ದಿನಾಂಕ, ಹೊತ್ತು ಬರೆದಿಟ್ಟು, ಪತ್ರದ ಮೂಲಕವೇ ವ್ಯವಹರಿಸಿ ಎಂದು ಹೇಳಿ ಫೋನ್ ಇಡು. ಅಕ್ಕನ ಫೋನಿಗೂ ಕರೆ ಬರಬಹುದು, ಅವಳು ಉತ್ತರಿಸುವುದು ಬೇಡ. ಸಂಪರ್ಕ ರದ್ದುಮಾಡಿದಾಗಿನ ರಸೀದಿ ಅಥವಾ ಸಂದೇಶ ಏನಾದರೂ ಉಳಿದಿದೆಯೇ ಎಂದು ಹುಡುಕಿ, ಪತ್ರದ ಕರಡನ್ನು ಕನ್ನಡದಲ್ಲೇ ಬರೆದು ಈ ವಾರದೊಳಗೆ ನನಗೆ ಕಳುಹಿಸು. ಇಂಗ್ಲಿಷಿಗೆ ನಾನು ಮಾಡಿಕೊಡುತ್ತೇನೆ.

ಇತಿ,
ನಿನ್ನ ಮಾವ