ಐದು ರಿಂಗಿಟ್‌ನ ಸಿನಿಮಾಗಳು

ಲೋ ಗೆಳೆಯ,

ಹೇಗಿದ್ದೀಯ? ಮೊನ್ನೆ ಮಂಡ್ಯದ ಮನೆಗೆ ಸುಣ್ಣ ಹೊಡೆಸೋಣ ಅಂತ ಅಟ್ಟ ಖಾಲಿ ಮಾಡಿದೆ. ನಾವು ಮಲೇಷ್ಯಾದಲ್ಲಿದ್ದಾಗಿನ ನಮ್ಮ ಕೌಲಾಲಂಪುರದ ಡಿವಿಡಿ ಡಬ್ಬ ಸಿಕ್ಕಿತು. ಎಣಿಸಿದೆ, 63 ಇವೆ. ಅಷ್ಟೊಂದು ಯಾವಾಗ ಕೊಂಡೆವೋ!

ಪೆಟಾಲಿಂಗ್ ಸ್ಟ್ರೀಟ್‌ನ ಆ ಹುಡುಗ ನೆನಪಿದ್ದಾನಾ? ಮೇಜಿನ ಮೇಲೆ ಬರೀ ಖಾಲಿ ಕವರ್‌ಗಳು. ನಾವು ಬೆರಳಿಟ್ಟು ತೋರಿಸಿದರೆ ಹಿಂದಿನ ಓಣಿಗೆ ಓಡಿ ಡಿಸ್ಕ್ ತರುತ್ತಿದ್ದ. ಅವನು ಅಲ್ಲಿಯ ದುಡ್ಡಲ್ಲಿ 10 ರಿಂಗಿಟ್ ಅಂದರೆ ನೀನು ಸಂತೆಯಲ್ಲಿ ಬದನೆಕಾಯಿ ಕೊಳ್ಳುವವನ ಹಾಗೆ ಚೌಕಾಸಿ ಮಾಡಿ 5ಕ್ಕೆ ಇಳಿಸುತ್ತಿದ್ದೆ. ಪೊಲೀಸ್ ಅಂತ ಯಾರಾದರೂ ಕೂಗಿದರೆ ಸಾಕು, ಮೇಜು ಮಡಚಿ ಮಾಯ. ಒಮ್ಮೆ ನಮ್ಮ 20 ರಿಂಗಿಟ್ಟೂ ಅವನ ಜೊತೆ ಓಡಿತ್ತು. ಅರ್ಧ ಗಂಟೆ ಬಿಟ್ಟು ಅವನೇ ಹುಡುಕಿಕೊಂಡು ಬಂದು ಡಿಸ್ಕ್ ಕೊಟ್ಟ. ಮಾಲು ಕಳ್ಳಮಾಲು, ಹುಡುಗ ಕಳ್ಳನಲ್ಲ.

ರೂಮಿಗೆ ತಂದರೆ ಕ್ಯಾಮೆರಾ ಪ್ರಿಂಟ್, ಥಿಯೇಟರ್‌ನಲ್ಲಿ ಕೂತು ಕದ್ದು ಚಿತ್ರೀಕರಿಸಿದ್ದು. ಹೀರೋ ಸಾಯುವ ಹೊತ್ತಿಗೆ ಸರಿಯಾಗಿ ಯಾವನೋ ಅಡ್ಡ ಎದ್ದು ಹೋಗುತ್ತಿದ್ದ. ಥಿಯೇಟರ್‌ನವರ ನಗುವೂ ಕೇಳಿಸುತ್ತಿತ್ತು. ಜೋಕ್ ಅರ್ಥವಾಗದಿದ್ದರೂ ಅವರ ಜೊತೆ ನಾವೂ ನಗುತ್ತಿದ್ದೆವು.

2007ರಲ್ಲಿ ಡಿಸ್ಕ್ ಮೂಸಿ ಹಿಡಿಯಲು ಲಕ್ಕಿ, ಫ್ಲೋ ಅಂತ ಎರಡು ಕಪ್ಪು ಲ್ಯಾಬ್ರಡಾರ್ ತರಿಸಿದ್ದರಲ್ಲ? ಜೊಹೊರ್ ಬಾರುವಿನಲ್ಲಿ ಸುಮಾರು 10 ಲಕ್ಷ ಡಿಸ್ಕ್ ಸಿಕ್ಕವು. ಕಳ್ಳರು ಆ ನಾಯಿಗಳ ತಲೆಗೇ ಬೆಲೆ ಕಟ್ಟಿದರು. ಪಾಪ, ಅವಕ್ಕೆ ತಿಳಿಯುತ್ತಿದ್ದದ್ದು ಪ್ಲಾಸ್ಟಿಕ್ ವಾಸನೆ ಅಷ್ಟೇ. ಅಸಲಿ ಡಿಸ್ಕೂ ಹಾಗೇ ನಾರುತ್ತದೆ.

ನನಗೆ ಇವತ್ತಿಗೂ ಚುಚ್ಚುವುದು ಬೇರೆ. ಭಾರತೀಯರ ಅಂಗಡಿಗಳಿದ್ದ ಬ್ರಿಕ್‌ಫೀಲ್ಡ್ಸ್‌ನಲ್ಲಿ ತಮಿಳು ಸಿನಿಮಾ ಬೇಕಾದಷ್ಟಿತ್ತು. ಕನ್ನಡ ಕೇಳಿದರೆ ಅಂಗಡಿಯವನು "ತೆಲುಗಾ?" ಅಂದ. ನಿನಗೆ ಸಿಟ್ಟು ಬಂತು. ನಮ್ಮ ಸಿನಿಮಾ ಕದಿಯುವುದಕ್ಕೂ ಯಾರಿಗೂ ಬೇಡವಾಗಿತ್ತಲ್ಲೋ! ಸಿಕ್ಕಿದ್ದರೆ ಅದನ್ನೂ 5ಕ್ಕೇ ಕೇಳುತ್ತಿದ್ದೆವು, ನಿರ್ಮಾಪಕನಿಗೆ ಬಿಡಿಗಾಸೂ ಸೇರುತ್ತಿರಲಿಲ್ಲ. ಆಮೇಲೆ ರಾತ್ರಿಯೆಲ್ಲ ಕೂತು ಕನ್ನಡ ಚಿತ್ರರಂಗ ಉದ್ಧಾರ ಮಾಡುತ್ತಿದ್ದವರೂ ನಾವೇ ಅಲ್ವಾ?

ಈಗ ಮನೆಯಲ್ಲಿ ಪ್ಲೇಯರ್ ಇಲ್ಲ. ಬಿಸಾಕೋಣ ಅಂದರೆ ಅವ್ವ ಬಿಡಲಿಲ್ಲ. ಹನ್ನೆರಡು ಡಿಸ್ಕಿಗೆ ದಾರ ಕಟ್ಟಿ ಹಿತ್ತಲ ಸೀಬೆ ಮರಕ್ಕೆ ತೂಗುಹಾಕಿದ್ದಾಳೆ. ಬಿಸಿಲಿಗೆ ಫಳಫಳ ಅಂತವೆ. ಎರಡು ದಿನ ಗಿಳಿ ಬರಲಿಲ್ಲ. ಮೂರನೇ ದಿನ ಒಂದು ಬಂದು ಡಿಸ್ಕ್ ಪಕ್ಕದಲ್ಲೇ ಕೂತು ಹಣ್ಣು ತಿಂದು ಹೋಯಿತು.

ಉಳಿದವು ಡಬ್ಬದಲ್ಲೇ ಇವೆ. ದಸರಾಗೆ ಬಂದರೆ ತಗೊಂಡು ಹೋಗು. ಒಂದಕ್ಕೆ 10 ರಿಂಗಿಟ್. ಚೌಕಾಸಿ ಇಲ್ಲ.

ನಿನ್ನ
ಮಂಡ್ಯದ ಗೆಳೆಯ