ಸೀನ, ನಮ್ಮ ಟೀಮಿನ ಮುಂದಿನ ಐದು ವರ್ಷ

ಪ್ರೀತಿಯ ಸೀನ,

"ಐದು ವರ್ಷದಲ್ಲಿ ನಮ್ಮ ಜೈಂಟ್ಸ್ ಎಲ್ಲಿರತ್ತೆ, ಒಂದೇ ಮಾತಲ್ಲಿ ಹೇಳು" ಅಂತ ಕೇಳಿದ್ದೆಯಲ್ಲ. ಒಂದೇ ಮಾತಲ್ಲಿ ಮುಗಿಯೋದಾಗಿದ್ರೆ ವಾಟ್ಸಾಪೇ ಸಾಕಿತ್ತು. ಮುಗಿಯಲ್ಲ, ಅದಕ್ಕೇ ಇಲ್ಲಿ ನಾಲ್ಕು ಜನರ ಮುಂದೆ ಬರೀತಿದ್ದೀನಿ. ನಾಲ್ಕು ಜನ ನೋಡ್ತಿದ್ರೆ ನನ್ನ ವಾದಕ್ಕೆ ಒಂದು ಕಳೆ ಬರತ್ತೆ ಅನ್ನೋದು ನಿನಗೆ ಗೊತ್ತು. ಗೋಡಂಬಿ ಪ್ರಕರಣದಲ್ಲಿ ವಾರ್ಡನ್ ಎದುರು ನಿನ್ನನ್ನ ಉಳಿಸಿದ್ದೂ ಆ ಕಳೆಯೇ. (ಏನು ಪ್ರಕರಣ ಅಂತ ಯಾರೂ ಕೇಳಬೇಡಿ. ಸೀನನ ಮಗಳೂ ಇದನ್ನ ಓದ್ತಾಳೆ.)

ಗೊತ್ತಿಲ್ಲದವರಿಗೆ ಮೊದಲು ಜಾತಕ ಹೇಳಿಬಿಡ್ತೀನಿ. ಅಮೆರಿಕದ ಬೇಸ್‌ಬಾಲ್ ಲೀಗಲ್ಲಿ ಒಂದು ಟೀಮು ಸೀಸನ್ನಿಗೆ 162 ಆಟ ಆಡತ್ತೆ. ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ 2010, 2012, 2014ರಲ್ಲಿ ವರ್ಲ್ಡ್ ಸೀರೀಸ್, ಅಂದರೆ ಲೀಗಿನ ಫೈನಲ್, ಗೆದ್ದಿತ್ತು. 2021ರಲ್ಲಿ 107 ಆಟ ಗೆದ್ದು ಕ್ಲಬ್ಬಿನ ದಾಖಲೆಯನ್ನೇ ಮುರಿದು, ಪ್ಲೇಆಫಲ್ಲಿ ನಮ್ಮ ಬದ್ಧವೈರಿ ಡಾಡ್ಜರ್ಸ್ ಟೀಮಿನ ಕೈಲಿ ಸೋತುಹೋಯ್ತು. ಕೊನೇ ಬಾಲಿಗೆ ನಮ್ಮ ವಿಲ್ಮರ್ ಫ್ಲೋರೆಸ್ ಬ್ಯಾಟನ್ನ ಅರ್ಧಕ್ಕೇ ತಡೆದಿದ್ದ, ಅಂಪೈರು ಬೀಸಿದ ಅಂತ ಔಟ್ ಕೊಟ್ಟರು. ಸೀನ, ಆ ರಾತ್ರಿ ಕ್ಯಾಲ್‌ಟ್ರೇನಲ್ಲಿ ಸನಿವೇಲ್ ತನಕ ನೀನು ಆಡಿದ ಕನ್ನಡವನ್ನ ಇಲ್ಲಿ ಬರೆಯೋ ಹಾಗಿಲ್ಲ. ಎದುರು ಸೀಟಿನ ಅಜ್ಜಿ ಹುಬ್ಬಳ್ಳಿಯವರು ಅಂತ ಇಳಿಯೋವಾಗ ತಾನೇ ಗೊತ್ತಾಗಿದ್ದು.

ಆಮೇಲೆ ನೀನು ಮೈಸೂರಿಗೆ ವಾಪಸ್ ಹೋದೆ, ಟೀಮು ನೆಲಕ್ಕೆ ವಾಪಸ್ ಬಂತು. 2022ರಲ್ಲಿ 81 ಗೆಲುವು, 81 ಸೋಲು. ಮುಂದಿನ ವರ್ಷ 79 ಗೆಲುವು, ಅದರ ಮುಂದಿನ ವರ್ಷ 80. 2025ರಲ್ಲಿ ಮತ್ತೆ 81-81. ಇಷ್ಟು ಕರಾರುವಾಕ್ಕಾಗಿ ಅರ್ಧಕ್ಕೆ ನಿಲ್ಲೋಕೂ ಪ್ರತಿಭೆ ಬೇಕು ಅಂತ ನಿನ್ನ ಹೆಂಡತಿ ಸುಮಾ ಹೇಳಿದ್ದು ಸರಿ.

ಆದರೆ ಟೀಮಿನ ಭವಿಷ್ಯ ಈ ಅಂಕಿಯಲ್ಲಿ ಸಿಗಲ್ಲ. ಇಪ್ಪತ್ಮೂರರ ಹುಡುಗರು ತಂದುಕೊಟ್ಟ 81 ಬೇರೆ, ಮೂವತ್ಮೂರು ದಾಟಿದವರು ತಂದುಕೊಟ್ಟ 81 ಬೇರೆ. ಫ್ರಂಟ್ ಆಫೀಸು, ಅಂದರೆ ಆಟಗಾರರನ್ನ ಕೊಳ್ಳೋ, ಮಾರೋ, ಬೆಳೆಸೋ ಜನ, ಅವರ ಯೋಗ್ಯತೆ ತಿಳೀಬೇಕಾದರೆ ನಾನು ನೋಡೋದು ಲೆಫ್ಟ್ ಫೀಲ್ಡನ್ನ, ಅಂದರೆ ಬ್ಯಾಟ್ಸ್‌ಮನ್ ಕಡೆಯಿಂದ ನೋಡಿದರೆ ಗ್ರೌಂಡಿನ ಎಡ ಹಿಂಬದಿ ಕಾಯೋ ಜಾಗವನ್ನ. ನಗಬೇಡ. 2007ರ ಸೀಸನ್ನಿನ ಮೊದಲ ದಿನ ಅಲ್ಲಿ ನಿಂತಿದ್ದು ಟೀಮಿನ ದೊಡ್ಡ ಬ್ಯಾಟ್ಸ್‌ಮನ್ ಬ್ಯಾರಿ ಬಾಂಡ್ಸ್. ಅಲ್ಲಿಂದ 2025ರ ತನಕ ಮೊದಲ ದಿನ ಆ ಜಾಗದಲ್ಲಿ ಒಬ್ಬನೇ ಮನುಷ್ಯ ಎರಡು ಸಲ ನಿಂತಿಲ್ಲ. ವರ್ಷಕ್ಕೊಂದು ಹೊಸ ಮುಖ. 2008ರಲ್ಲಿ ಡೇವ್ ರಾಬರ್ಟ್ಸ್. ಹೌದು, ಅದೇ ಪುಣ್ಯಾತ್ಮ, ಈಗ ಡಾಡ್ಜರ್ಸ್ ಮ್ಯಾನೇಜರ್ (ಮುಖ್ಯ ಕೋಚ್ ಅಂದುಕೊಳ್ಳಿ) ಆಗಿ 2024, 2025 ಎರಡೂ ಕಪ್ ಎತ್ತಿದವನು. 2011ರಲ್ಲಿ ಪ್ಯಾಟ್ ಬರೆಲ್, 2015ರಲ್ಲಿ ನೋರಿ ಆವೋಕಿ, 2019ರಲ್ಲಿ ಕಾನರ್ ಜೋ, 2023ರಲ್ಲಿ ಬ್ಲೇಕ್ ಸೇಬಲ್. ಕಾನರ್ ಜೋ ನೆನಪಿಲ್ಲ ಅಂದರೆ ನಿನ್ನ ತಪ್ಪಲ್ಲ, ಎಂಟು ಆಟಕ್ಕೇ ಅವನ ಗಂಟುಮೂಟೆ ಕಟ್ಟಿಸಿದರು.

ಫೀಲ್ಡಿಂಗ್ ಲೆಕ್ಕದಲ್ಲಿ ಅದು ಅಷ್ಟೇನೂ ಕಷ್ಟದ ಜಾಗ ಅಲ್ಲ. ಬ್ಯಾಟಿಂಗ್ ಬರೋ ಮನೆಯ ಹುಡುಗ ಒಬ್ಬ ಇದ್ದರೆ ಅಲ್ಲಿ ನಿಲ್ಲಿಸಬಹುದು. ಮನೆಯಲ್ಲೇ ಬೆಳೆದವನಿಂದ ಲಾಭ ಏನು ಅಂದರೆ, ಮೇಲಿನ ಲೀಗಿಗೆ ಬಂದು ಆರು ವರ್ಷದ ಸೇವೆ ಮುಗಿಯೋ ತನಕ ಅವನು ಟೀಮಿನ ಕೈಯಲ್ಲೇ ಇರ್ತಾನೆ. ಮೊದಲ ಮೂರು ವರ್ಷ ಹೆಚ್ಚುಕಮ್ಮಿ ಕನಿಷ್ಠ ಸಂಬಳ. ಅಲ್ಲಿ ಉಳಿದ ದುಡ್ಡಲ್ಲೇ ದೊಡ್ಡ ಹೆಸರುಗಳನ್ನ ಕೊಳ್ಳೋಕಾಗೋದು. ಜೈಂಟ್ಸ್ ಏನು ಮಾಡಿತು? ತಾನೇ ಬೆಳೆಸಿದ ಔಟ್‌ಫೀಲ್ಡರ್ (ಗ್ರೌಂಡಿನ ಹಿಂಬದಿ ಕಾಯೋನು) ಒಬ್ಬ ಈ ಟೀಮಿನ ಅಂಗಿ ತೊಟ್ಟು ಆಲ್‌ಸ್ಟಾರ್, ಅಂದರೆ ಆ ವರ್ಷದ ಆಯ್ದ ತಾರೆಗಳಲ್ಲಿ ಒಬ್ಬ, ಆಗಿದ್ದು 1986ರಲ್ಲಿ, ಚಿಲಿ ಡೇವಿಸ್. ಅದಾದಮೇಲೆ 2024ರಲ್ಲಿ ಹೀಲಿಯೋಟ್ ರಾಮೋಸ್. ನಡುವೆ ನೀನೂ ನಾನೂ ಹೈಸ್ಕೂಲು, ಪಿಯುಸಿ, ಹಾಸ್ಟೆಲು, ವೀಸಾ ಎಲ್ಲಾ ಮುಗಿಸಿ ತಲೆ ನೆರೆಸಿಕೊಂಡೆವು.

ಮೂರು ಕಪ್ ಬಂದಿದ್ದೂ ಇದೇ ಕಾಲದಲ್ಲೇ ಅಲ್ವೇನೋ ಅಂತ ನೀನು ಎದ್ದು ನಿಲ್ತೀಯ. ನಿಜ. ಆದರೆ ಆಗ ಪಿಚರ್‌ಗಳು, ಅಂದರೆ ಬಾಲು ಎಸೆಯೋರು, ಲಿನ್ಸೆಕಮ್, ಕೇನ್, ಬಮ್‌ಗಾರ್ನರ್, ಅದನ್ನ ಹಿಡಿಯೋ ಕ್ಯಾಚರ್ ಪೋಸಿ, ಎಲ್ಲಾ ಮನೆಯಲ್ಲೇ ಬೆಳೆದವರು. ನಡುಮಧ್ಯ ಗಟ್ಟಿ ಇದ್ದಿದ್ದಕ್ಕೆ ಅಂಚಿಗೆ ಯಾರನ್ನ ನಿಲ್ಲಿಸಿದರೂ ನಡೀತು.

ಫರ್ಹಾನ್ ಜೈದಿ 2018ರ ಕೊನೆಗೆ ಡಾಡ್ಜರ್ಸ್ ಬಿಟ್ಟು ಇಲ್ಲಿನ ಫ್ರಂಟ್ ಆಫೀಸಿನ ಮುಖ್ಯಸ್ಥನಾಗಿ ಬಂದಾಗ ನಾವಿಬ್ಬರೂ ಕುಣಿದಿದ್ದೆವು. ಎಂಐಟಿ, ಬರ್ಕ್ಲಿಯಲ್ಲಿ ಅರ್ಥಶಾಸ್ತ್ರದ ಡಾಕ್ಟರೇಟು, ನಮ್ಮ ಕಡೆಯ ಮುಖ. ರಾತ್ರಿ ಉಳಿದ ಅನ್ನದಲ್ಲಿ ಬೆಳಗ್ಗೆ ಚಿತ್ರಾನ್ನ ಮಾಡಿ ಬಂದವರ ಕೈಲಿ ವಾಹ್ ಅನ್ನಿಸ್ತಾರಲ್ಲ, ಆ ಕೈಗುಣ ಅವನದ್ದು. ಬೇರೆಯವರು ಬೇಡ ಅಂದ ಆಟಗಾರರನ್ನ ಹೆಕ್ಕಿ ತಂದು, ಎಡಗೈ ಪಿಚರ್ ಬಂದರೆ ಇವನು, ಬಲಗೈ ಬಂದರೆ ಅವನು ಅಂತ ಜೋಡಿಸಿ 107 ಗೆಲ್ಲಿಸಿದ. ಒಂದೇ ಕಷ್ಟ, ದಿನಾ ಚಿತ್ರಾನ್ನ ಆದರೆ ಗ್ರೌಂಡಿಗೆ ಜನ ಬರಲ್ಲ. ಸ್ಟಾರ್‌ಗಳೂ ಬರಲಿಲ್ಲ. 2022ರ ಚಳಿಗಾಲದಲ್ಲಿ ಆರನ್ ಜಡ್ಜ್ ಅನ್ನೋ ದೊಡ್ಡ ಬ್ಯಾಟ್ಸ್‌ಮನ್ ಬಂದೇಬಿಟ್ಟ ಅಂತ ಕುಣಿದು ಮುಗಿಸೋದ್ರೊಳಗೆ ಅವನು ನ್ಯೂಯಾರ್ಕ್ ಯಾಂಕೀಸಲ್ಲೇ ಉಳಿದ. ಅದೇ ತಿಂಗಳು ಕಾರ್ಲೋಸ್ ಕೊರಿಯಾ ಜೊತೆ 13 ವರ್ಷಕ್ಕೆ 35 ಕೋಟಿ ಡಾಲರಿನ ಮಾತುಕತೆ ಮೆಡಿಕಲ್ ರಿಪೋರ್ಟಲ್ಲಿ ಮುರಿದುಬಿತ್ತು.

ಈಗ ಬಸ್ಟರ್ ಪೋಸಿ. 2024ರ ಸೆಪ್ಟೆಂಬರ್ ಕೊನೆಗೆ ಜೈದಿಯನ್ನ ಕಳಿಸಿ ಇವನನ್ನ ಕೂರಿಸಿದರು. ಮೂರೂ ಕಪ್ಪಿನ ಕ್ಯಾಚರ್, ಆದರೆ ಆಫೀಸಲ್ಲಿ ಕೂತು ಟೀಮು ಕಟ್ಟಿದ ಅನುಭವ ಸೊನ್ನೆ. ವಿಲಿ ಅಡಾಮೆಸ್‌ಗೆ ಏಳು ವರ್ಷಕ್ಕೆ 18.2 ಕೋಟಿ ಡಾಲರ್ ಕೊಟ್ಟ. 2025ರ ಜೂನಲ್ಲಿ ಬಾಸ್ಟನ್ನಿನಿಂದ, ಅಲ್ಲಿನವರ ಜೊತೆ ಜಗಳದಲ್ಲಿದ್ದ ರಫೇಲ್ ಡೆವರ್ಸನ್ನ ಹಾರಿಸಿಕೊಂಡು ಬಂದ. ಅವನ 10 ವರ್ಷದ 31.35 ಕೋಟಿಯ ಒಪ್ಪಂದ 2033ರ ತನಕ ಇದೆ. ಮ್ಯಾಟ್ ಚಾಪ್ಮನ್ ಒಪ್ಪಂದ 2030ರ ತನಕ.

ನೀನು ಕೇಳಿದ ಐದು ವರ್ಷ ಅಲ್ಲೇ ಇದೆ ನೋಡು. 2030ರಲ್ಲಿ ಚಾಪ್ಮನ್‌ಗೆ 37, ಅಡಾಮೆಸ್‌ಗೆ 35, ಡೆವರ್ಸ್‌ಗೆ 34ರ ಹತ್ತಿರ. ಹಾಗಂತ ಪೋಸಿ ಮಾಡಿದ್ದು ದಡ್ಡತನ ಅಂತ ನಾನು ಒಪ್ಪಲ್ಲ. ನಮ್ಮ ಗ್ರೌಂಡು ಸಮುದ್ರದ ಪಕ್ಕ. ರಾತ್ರಿ ಗಾಳಿ ತಣ್ಣಗೆ ಭಾರವಾಗಿರತ್ತೆ, ಬಲಗಡೆ ಗೋಡೆ 24 ಅಡಿ ಎತ್ತರ. ಬ್ಯಾಟ್ಸ್‌ಮನ್ ತಾನಾಗಿ ಇಲ್ಲಿಗೆ ಯಾಕೆ ಬರ್ತಾನೆ? 2004ರಲ್ಲಿ ಬಾಂಡ್ಸ್ ಹೊಡೆದ ಮೇಲೆ ಒಂದು ಸೀಸನ್ನಲ್ಲಿ 30 ಹೋಮ್ ರನ್ (ನಮ್ಮ ಸಿಕ್ಸರ್ ಥರ) ಹೊಡೆದ ಜೈಂಟ್ಸ್ ಆಟಗಾರ ಇರಲಿಲ್ಲ. 2025ರ ಕೊನೇ ದಿನ ಅಡಾಮೆಸ್ ಅದನ್ನ ಮುಟ್ಟಿದ. ಅವನು ಹೊಡೆದಾಗ ನಾನು ಅಡುಗೆಮನೆಯಲ್ಲಿ ಒಗ್ಗರಣೆ ಹಾಕ್ತಿದ್ದೆ, ಸಾಸಿವೆ ಕರಕಲಾಯ್ತು. ಇಂಥ ಊರಿಗೆ ಬ್ಯಾಟ್ಸ್‌ಮನ್ ತರಬೇಕಾದರೆ ಒಂದೋ ಹೆಚ್ಚು ವರ್ಷ ಕೊಡಬೇಕು, ಇಲ್ಲಾ ಯಾರದೋ ಜಗಳದಲ್ಲಿ ಬುಟ್ಟಿಗೆ ಹಾಕಿಕೊಳ್ಳಬೇಕು. ಪೋಸಿ ಎರಡನ್ನೂ ಮಾಡಿದ.

ನನಗೆ ಅನುಮಾನ ಬರೋದು ಬೇರೆ ಕಡೆ. ಜೂನಲ್ಲಿ ಡೆವರ್ಸನ್ನ ಕೊಂಡವರು ಜುಲೈ ಕೊನೆಗೆ ಬುಲ್‌ಪೆನ್ನನ್ನೇ, ಅಂದರೆ ಆಟದ ಮಧ್ಯೆ ಇಳಿಯೋ ಬದಲಿ ಪಿಚರ್‌ಗಳನ್ನೇ, ಮಾರಿದರು. ಟೈಲರ್ ರಾಜರ್ಸ್ ಮೆಟ್ಸ್‌ಗೆ, ಡೋವಲ್ ಯಾಂಕೀಸ್‌ಗೆ. ಜುಲೈ 1ಕ್ಕೆ ಮ್ಯಾನೇಜರ್ ಬಾಬ್ ಮೆಲ್ವಿನ್ 2026ಕ್ಕೂ ಇರ್ತಾರೆ ಅಂದರು, ಸೆಪ್ಟೆಂಬರ್ 29ಕ್ಕೆ ಮನೆಗೆ ಕಳಿಸಿದರು. ಆ ಕುರ್ಚಿಗೆ ಟೆನೆಸ್ಸಿ ಯೂನಿವರ್ಸಿಟಿಯ ಕೋಚ್ ಟೋನಿ ವಿಟೆಲೋ ಬಂದ. ವೃತ್ತಿಪರ ಟೀಮಲ್ಲಿ ಒಂದು ದಿನವೂ ಕೆಲಸ ಮಾಡದೆ ಕಾಲೇಜಿಂದ ನೇರ ಮೇಲಿನ ಲೀಗಿಗೆ. ಇದು ಧೈರ್ಯವೋ ಚಂಚಲವೋ ಅಂತ ನನಗಿನ್ನೂ ತೀರ್ಮಾನಕ್ಕೆ ಬರೋಕಾಗಿಲ್ಲ. 2028ರ ತನಕ ಆಸೆ ಇಟ್ಟುಕೋ ಸೀನ. ಆಮೇಲಿನದ್ದು ಬ್ರೈಸ್ ಎಲ್ಡ್ರಿಡ್ಜ್ ಥರದ ಹುಡುಗರು ಎಷ್ಟು ಜನ ಕೆಳಗಿನ ಲೀಗಿಂದ ಏರಿ ಬರ್ತಾರೆ ಅನ್ನೋದರ ಮೇಲೆ.

ಇಲ್ಲಿಗೆ ನಿಲ್ಲಿಸಬೇಕಿತ್ತು. ನೀನು ಕೇಳಿದ್ದು ಇಷ್ಟೇ.

ಅದೇ ಜುಲೈ ಕೊನೇ ದಿನ ಮೈಕ್ ಯಾಸ್ಟ್ರೆಮ್‌ಸ್ಕಿಯನ್ನ ಕ್ಯಾನ್ಸಸ್ ಸಿಟಿಗೆ ಕಳಿಸಿದರು, ನೆನಪಿದೆಯಾ? 28 ವರ್ಷದ ತನಕ ಕೆಳಗಿನ ಲೀಗುಗಳಲ್ಲೇ ಬಸ್ಸು ಹತ್ತಿ ಇಳಿದು, 2019ರಲ್ಲಿ ಇಲ್ಲಿಗೆ ಬಂದು, ತಾತ ಕಾರ್ಲ್ ಮೆರೆದಿದ್ದ ಬಾಸ್ಟನ್ನಿನ ಗ್ರೌಂಡಲ್ಲಿ ಹೋಮ್ ರನ್ ಹೊಡೆದವನು. ಹೋಗುವಾಗ 34. ಅವತ್ತು ನಿನಗೆ ಉದ್ದಕ್ಕೆ ಬರೆದೆ. ಲೆಕ್ಕದ ಪ್ರಕಾರ ಸರಿ, ಆದರೆ ಹೊಟ್ಟೆ ಉರೀತಿದೆ ಅಂತ. ನೀನು ಅಳೋ ಮುಖದ ಎಮೋಜಿ ಹಾಕಿದ್ದೆ.

ಅದೇ ವಾರ ಆಫೀಸಲ್ಲಿ ನನ್ನ ಕೈಗೊಂದು ಶೀಟು ಬಂದಿತ್ತು. ನನ್ನ ಕೆಳಗಿರೋರ ಹೆಸರು, ಪಕ್ಕದಲ್ಲಿ ಈಗಿನ ಕೆಲಸಕ್ಕೊಂದು ಅಂಕ, ಕೊನೇ ಕಾಲಮ್ಮು "ಮುಂದಿನ ಎರಡು ವರ್ಷದ ನಿರೀಕ್ಷೆ". ನನಗೆ ಆ ಕಾಲಮ್ಮು ತುಂಬೋಕೆ ಕಷ್ಟವೇ ಆಗಲಿಲ್ಲ ಕಣೋ. ಇಷ್ಟು ವರ್ಷ ನಿನ್ನ ಜೊತೆ ಮಾಡಿದ್ದೂ ಅದೇ ತಾನೇ? ಇವನಿಗೆ ಇನ್ನೂ ಏರಿಕೆ ಇದೆ, ಅವಳದ್ದು ಒಪ್ಪಂದ ಅಗ್ಗ, ಅವನನ್ನ ಈಗಲೇ ಬಿಡಬೇಕು. ಕಾಫಿ ಆರೋದ್ರೊಳಗೆ ಮುಗಿಸಿದೆ. ಎಲ್ಲರಿಗಿಂತ ಹಿರಿಯರು ಒಬ್ಬರಿದ್ದರು. ನಾನು ಸೇರಿದ ಹೊಸದರಲ್ಲಿ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತು ಕೆಲಸ ಹೇಳಿಕೊಟ್ಟವರು. ನಾನು ಮೇಲಕ್ಕೆ ಹೋದಾಗ ಬೇಜಾರು ಮಾಡಿಕೊಳ್ಳದವರು. ಅವರ ಮುಂದೆ ಬರೆದೆ: ನಂಬಿಕಸ್ಥರು, ಬೆಳವಣಿಗೆಗೆ ಜಾಗ ಕಡಿಮೆ.

ಕೆಲವು ವಾರ ಆದಮೇಲೆ ಅವರ ಕುರ್ಚಿ ಖಾಲಿ. ಮನೆಯಲ್ಲಿ ಇವಳು ಕೇಳಿದಾಗ "ಮೇಲಿನವರ ತೀರ್ಮಾನ" ಅಂದೆ. ಅದೂ ಸುಳ್ಳಲ್ಲ.

ನಾನು ಬರೆದಿದ್ದು ಸುಳ್ಳಾಗಿದ್ದರೆ ನನಗೆ ಸುಲಭವಾಗಿರ್ತಿತ್ತು, ಸೀನ. ಸುಳ್ಳಲ್ಲ. ಇವತ್ತು ಅದೇ ಶೀಟು ಕೊಟ್ಟರೂ ಅದನ್ನೇ ಬರೀತೀನೇನೋ. ಕಾಟ ಕೊಡ್ತಿರೋದು ಅದಲ್ಲ. ಒಂದು ಸಲವೂ ಎದುರು ಸಿಗದ, ಕೋಟಿಗಟ್ಟಲೆ ಸಂಬಳದ ಯಾಸ್ಟ್ರೆಮ್‌ಸ್ಕಿಗೆ ನಾನು ಅಷ್ಟು ಸಾಲು ಬರೆದೆ. ಇವರಿಗೆ ನಾಲ್ಕು ಪದ. ಹೋಗೋ ದಿನ ಅವರು ಕೈ ಕುಲುಕಿ "ನಿನ್ನ ಟೀಮು ಹೇಗಿದೆ, ಈ ಸಲ ಪ್ಲೇಆಫ್ ಇದೆಯಾ" ಅಂತ ವಿಚಾರಿಸಿದರು. ಬೇಸ್‌ಬಾಲ್ ಅಂದರೆ ಅವರಿಗೆ ಆಗಿಬರ್ತಿರಲಿಲ್ಲ, ನನಗೋಸ್ಕರ ಕೇಳಿದ್ದು. ನಾನು ಪೂರಾ ಲೆಕ್ಕ ಒಪ್ಪಿಸಿದೆ. ವೈಲ್ಡ್ ಕಾರ್ಡಿಗೆ, ಅಂದರೆ ಪ್ಲೇಆಫಿನ ಹಿಂಬಾಗಿಲಿಗೆ, ಎಷ್ಟು ಆಟ ಹಿಂದಿದ್ದೀವಿ, ಯಾರು ಸೋತರೆ ಏನಾಗತ್ತೆ, ಎಲ್ಲಾ. ಅವರು ರಟ್ಟಿನ ಡಬ್ಬ ಹಿಡ್ಕೊಂಡು ನಿಂತು ಪೂರ್ತಿ ಕೇಳಿಸಿಕೊಂಡರು.

ಸರಿ ಸರಿ, ಸಾಕು. ನೀನು ಫೋನ್ ಎತ್ತಿಕೊಂಡಿರ್ತೀಯ, ಇಡು. ಇದನ್ನ ಓದಿ ಯಾರೂ ನನಗೆ ಒಳ್ಳೊಳ್ಳೆ ಮಾತು ಕಳಿಸೋದೂ ಬೇಡ. ನನ್ನ ಹೆಸರೂ ಯಾವನೋ ಮೇಲಿನವನ ಶೀಟಲ್ಲಿ ಇದ್ದೇ ಇರತ್ತೆ. ಬಹುಶಃ "ಬಲಗೈ ಪಿಚರ್ ಎದುರು ಮಾತ್ರ ಆಡಿಸಿ, ಮಧ್ಯಾಹ್ನ ಊಟ ಆದಮೇಲೆ ಬೇಡ" ಅಂತ ಬರೆದಿರಬಹುದು. ನೀನಂತೂ ಫ್ರೀ ಏಜೆಂಟ್ ಆಗಿ ಮೈಸೂರು ಸೇರಿದೆ. ನಿನ್ನನ್ನ ಮತ್ತೆ ಕೊಳ್ಳೋ ತಾಕತ್ತು ಯಾವ ಕಂಪನಿಗಿದೆ? ಸುಮಾ ಒಪ್ಪಂದದಲ್ಲಿ ವರ್ಗಾವಣೆಗೆ ಅವಕಾಶವೇ ಇಟ್ಟಿಲ್ಲವಂತೆ.

ಮುಖ್ಯ ವಿಷಯಕ್ಕೆ ಬರ್ತೀನಿ. 2026ರ ಮಾರ್ಚ್ 25ಕ್ಕೆ ಯಾಂಕೀಸ್ ಜೊತೆ ಸೀಸನ್ ಶುರು, ನಿನಗೆ 26ರ ಬೆಳಗಿನ ಜಾವ. ವಿಟೆಲೋನ ಮೊದಲ ಆಟ. ಲೆಫ್ಟ್ ಫೀಲ್ಡಲ್ಲಿ 2025ರ ಹಾಗೇ ರಾಮೋಸೇ ನಿಂತರೆ, ಬಾಂಡ್ಸ್ ಆದಮೇಲೆ ಎರಡನೇ ವರ್ಷವೂ ಅಲ್ಲಿ ನಿಂತ ಮೊದಲ ಮನುಷ್ಯ ಅವನೇ. ನಿಲ್ತಾನೆ ಅಂತ ನಾನು. ನಾನು ನಿಲ್ತಾನೆ ಅಂದಮೇಲೆ ನೀನು ನಿಲ್ಲಲ್ಲ ಅಂತಲೇ ಅನ್ನಬೇಕು, ಬೇರೆ ದಾರಿ ಇಲ್ಲ. ಸೋತವರು ಮೈಲಾರಿಯಲ್ಲಿ ದೋಸೆ ಕೊಡಿಸಬೇಕು. ನೀನು ಸೋತರೂ ಪರ್ಸು ಮರೆತು ಬರ್ತೀಯ, ಹಾಗಾಗಿ ನನ್ನ ಪಾಲಿಗೆ ಇದು ಎರಡೂ ಕಡೆಯಿಂದ ಕೆಟ್ಟ ಒಪ್ಪಂದ. ಆದರೂ ಸಹಿ ಹಾಕ್ತಿದ್ದೀನಿ.

ನಿನ್ನ,
ಗುಂಡ

(ಅಡ್ಡಹೆಸರು ಯಾಕೆ ಬಂತು ಅಂತ ಕೇಳೋರು ದಯವಿಟ್ಟು ಸೀನನನ್ನೇ ವಿಚಾರಿಸಿ. ಅವನು ಹೇಳೋದರಲ್ಲಿ ಅರ್ಧ ಕಳೆಯಿರಿ.)